ಹಲ್ಲಿ, ಓತಿ, ಉಡ ಮತ್ತು ನಮ್ಮಿಂದ ಮರೆಯಾದ ಪ್ರಾಣಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವನು. ಬೇಲಿಯ ಓತಿ, ಅಟ್ಟದ ಹಲ್ಲಿ, ಹುತ್ತದ ಉಡ, ಇವುಗಳನ್ನು ನೋಡುತ್ತಲೇ ದೊಡ್ಡವನಾದೆ. ಈಗ ಸುತ್ತಲಿನ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಇವುಗಳ ಬಗ್ಗೆ ಮಾತಾಡುತ್ತೇನೆ. ಎಲ್ಲಿ ಹೋದರೂ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅದರಲ್ಲೂ ಜಾಸ್ತಿ ಬರುವುದು "ಇದು ವಿಷನಾ?" ಅನ್ನುವ ಪ್ರಶ್ನೆ. ಈ ಪ್ರಾಣಿಗಳು ಯಾರಿಗೂ ತೊಂದರೆ ಕೊಟ್ಟು ಸಾಯುತ್ತಿಲ್ಲ. ಅವುಗಳ ಬಗ್ಗೆ ಹಬ್ಬಿದ ಸುಳ್ಳು ಮಾತಿನಿಂದ ಸಾಯುತ್ತಿವೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಹಲ್ಲಿ, ಓತಿಕ್ಯಾತ, ಗೋಸುಂಬೆ, ಹಾವುರಾಣಿ, ಉಡ ಎಲ್ಲ ಒಂದೇ ಜಾತಿಯವಾ?

ಒಂದೇ ದೊಡ್ಡ ಕುಲದವು, ಆದರೆ ಬೇರೆ ಬೇರೆ ಮನೆತನ. ಗೋಡೆ ಮೇಲೆ ಇರುವುದು ಹಲ್ಲಿ. ಬೇಲಿ ಮೇಲೆ ಕೂತು ತಲೆ ಆಡಿಸುವುದು ಓತಿಕ್ಯಾತ. ಕಣ್ಣನ್ನು ಒಂದೊಂದು ದಿಕ್ಕಿಗೆ ತಿರುಗಿಸುತ್ತಾ, ತೂಗಾಡುತ್ತಾ ನಡೆಯುವುದು ಗೋಸುಂಬೆ. ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತಾ ತರಗೆಲೆಯೊಳಗೆ ಸರಕ್ಕನೆ ನುಗ್ಗುವುದು ಹಾವುರಾಣಿ. ಸೀಳು ನಾಲಿಗೆ ಚಾಚುತ್ತಾ ಗಂಭೀರವಾಗಿ ಓಡಾಡುವ ದೊಡ್ಡದು ಉಡ.

ಇನ್ನೊಂದು ವಿಷಯ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಹಾವುಗಳೂ ಇದೇ ವಂಶದ ಒಂದು ಕವಲು. ಹಿಂದೆ ಕಾಲಿದ್ದ ಹಲ್ಲಿಗಳ ಸಂತತಿಯಲ್ಲೇ ಒಂದು ಗುಂಪು ಕಾಲು ಕಳೆದುಕೊಂಡು ಹಾವಾಯಿತು. ಮೊಸಳೆ ಮಾತ್ರ ಈ ಗುಂಪಿಗೆ ಸೇರಿದ್ದಲ್ಲ. ಅದರ ಹತ್ತಿರದ ನೆಂಟರು ಹಕ್ಕಿಗಳು. ಅಂದರೆ ದಾಂಡೇಲಿಯ ಮೊಸಳೆಗೆ ಹಲ್ಲಿಗಿಂತ ನಿಮ್ಮ ಮನೆ ಕೋಳಿಯೇ ಹತ್ತಿರ.

ಇವುಗಳಲ್ಲಿ ಯಾವುದಕ್ಕೆ ವಿಷ ಇದೆ?

ಕರ್ನಾಟಕದಲ್ಲಿರುವ ಯಾವ ಹಲ್ಲಿ, ಓತಿ, ಹಾವುರಾಣಿ, ಉಡ ಕಚ್ಚಿದರೂ ಮನುಷ್ಯರು ಸಾಯುವುದಿಲ್ಲ. ಹಾವುರಾಣಿ ನೆಕ್ಕಿದರೆ ಸಾವು, ಗೋಸುಂಬೆ ಉಸಿರು ತಾಗಿದರೆ ಕುಷ್ಠ, ಉಡದ ಮರಿ ನಾಗರಹಾವಿಗಿಂತ ವಿಷ: ಇವು ಮೂರೂ ನಾನು ಚಿಕ್ಕಂದಿನಿಂದ ಕೇಳಿದ ಮಾತು, ಮೂರೂ ಸುಳ್ಳು. ಉಡದ ಮರಿಯ ಮೈಮೇಲೆ ಪಟ್ಟೆ, ಚುಕ್ಕೆ ಎದ್ದು ಕಾಣುತ್ತವೆ. ನಾಲಿಗೆ ಹಾವಿನ ಹಾಗೆ ಸೀಳಿದೆ. ಇಷ್ಟು ಸಾಕು, ಜನ ದೊಣ್ಣೆ ಹುಡುಕುತ್ತಾರೆ. ಆ ನಾಲಿಗೆ ಇರುವುದು ವಾಸನೆ ಹಿಡಿಯಲು. ಗಾಳಿಯಲ್ಲಿನ ವಾಸನೆಯ ಕಣಗಳನ್ನು ಅದು ಬಾಯಿಯ ಮೇಲ್ಭಾಗದ ಒಂದು ಅಂಗಕ್ಕೆ ಮುಟ್ಟಿಸುತ್ತದೆ.

ಉಡವನ್ನು ಮೂಲೆಗೆ ಒತ್ತಿ ಹಿಡಿಯಲು ಹೋದರೆ ಗಟ್ಟಿಯಾಗಿ ಕಚ್ಚುತ್ತದೆ, ಬಾಲದಲ್ಲಿ ಬಾರಿಸುತ್ತದೆ, ಉಗುರಲ್ಲಿ ಪರಚುತ್ತದೆ. ಗಾಯ ಆಗುತ್ತದೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಅದನ್ನು ಅದರ ಪಾಡಿಗೆ ಬಿಟ್ಟರೆ ಅದು ನಿಮ್ಮ ಹತ್ತಿರ ಬರುವುದೇ ಇಲ್ಲ.

ಹಾಗಾದರೆ ಹಲ್ಲಿ ಬಿದ್ದ ಸಾರು ತಿಂದವರಿಗೆ ವಾಂತಿ ಯಾಕೆ ಆಗುತ್ತದೆ?

ಹಲ್ಲಿಯ ಮೈಯಲ್ಲಿ ವಿಷ ಇದೆ ಅಂತಲ್ಲ. ಅದರ ಹೊಟ್ಟೆಯಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಅವು ಅನ್ನ, ಸಾರಿನಲ್ಲಿ ಬೆಳೆದರೆ ಹೊಟ್ಟೆ ಕೆಡುತ್ತದೆ. ಹಲ್ಲಿ ಬಿದ್ದ ಅಡುಗೆಯನ್ನು ಸುಮ್ನೆ ಚೆಲ್ಲಿಬಿಡಿ. ತಿಂದು ವಾಂತಿ ಭೇದಿ ಶುರುವಾದರೆ, ಅದರಲ್ಲೂ ಸಣ್ಣ ಮಕ್ಕಳಿಗೆ, ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪಾತ್ರೆ ಮುಚ್ಚಿಡುವುದೇ ಇದಕ್ಕೆ ಮದ್ದು.

ಹಲ್ಲಿ ತಲೆಕೆಳಗಾಗಿ ನಡೆದರೂ ಬೀಳುವುದಿಲ್ಲ. ಕಾಲಲ್ಲಿ ಅಂಟು ಇದೆಯಾ?

ಅಂಟಿಲ್ಲ. ಹಲ್ಲಿಯ ಬೆರಳಿನ ಅಡಿಯಲ್ಲಿ ಮಡಿಕೆ ಮಡಿಕೆಯಾದ ಪಟ್ಟಿಗಳಿವೆ. ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಾಂತರ ಕೂದಲು. ಒಂದೊಂದು ಕೂದಲಿನ ತುದಿಯೂ ನೂರಾರು ಎಳೆಯಾಗಿ ಒಡೆದಿದೆ. ಇಷ್ಟು ಎಳೆಗಳು ಗೋಡೆಗೆ ಒತ್ತಿದಾಗ ಅಣು ಅಣುಗಳ ನಡುವೆ ಇರುವ ತುಂಬಾ ಸಣ್ಣ ಸೆಳೆತವೇ ಕೂಡಿ ಕೂಡಿ ದೊಡ್ಡ ಹಿಡಿತವಾಗುತ್ತದೆ. 2000ದಿಂದ ಈಚೆಗೆ ಇದನ್ನು ಅಳೆದು ತೋರಿಸಿದ್ದಾರೆ. ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಬಿಡಿಸಿದ ಕೂಡಲೇ ಹಿಡಿತ ತಪ್ಪುತ್ತದೆ, ಮುಂದಿನ ಹೆಜ್ಜೆ ಇಡುತ್ತದೆ.

ಹಲ್ಲಿಗೆ ಹತ್ತಲಾಗದ ವಸ್ತು ಒಂದಿದೆ, ಅದು ನಿಮ್ಮ ಅಡುಗೆಮನೆಯಲ್ಲೇ ಇದೆ. ನಾನ್‌ಸ್ಟಿಕ್ ತವಾದ ಟೆಫ್ಲಾನ್ ಮೇಲೆ ಅದರ ಕಾಲು ಜಾರುತ್ತದೆ.

ಬಿದ್ದ ಬಾಲ ಮತ್ತೆ ಬರುತ್ತದಾ?

ಬರುತ್ತದೆ. ಆದರೆ ಮೊದಲಿನ ಬಾಲ ಅಲ್ಲ. ಹಲ್ಲಿಯ ಬಾಲದ ಮೂಳೆಗಳಲ್ಲೇ ಮುರಿಯಲು ಮೊದಲೇ ಗುರುತು ಮಾಡಿಟ್ಟಂಥ ಜಾಗಗಳಿವೆ. ಬೆಕ್ಕು ಹಿಡಿದರೆ ಹಲ್ಲಿ ಸ್ನಾಯು ಬಿಗಿದು ಅಲ್ಲೇ ಕಡಿದುಕೊಳ್ಳುತ್ತದೆ. ಬಿದ್ದ ಬಾಲ ಒದ್ದಾಡುತ್ತದೆ, ಬೆಕ್ಕು ಅದನ್ನೇ ನೋಡುತ್ತಾ ನಿಲ್ಲುತ್ತದೆ, ಹಲ್ಲಿ ಟ್ಯೂಬ್‌ಲೈಟ್ ಹಿಂದೆ. ಆಮೇಲೆ ಬೆಳೆಯುವ ಬಾಲದಲ್ಲಿ ಮೂಳೆ ಇರುವುದಿಲ್ಲ, ಮೆದುವಾದ ಒಂದು ಕೋಲು ಮಾತ್ರ. ಬಣ್ಣವೂ ಸ್ವಲ್ಪ ಬೇರೆ. ಇವತ್ತು ರಾತ್ರಿ ನಿಮ್ಮ ಗೋಡೆ ನೋಡಿ, ಇಂಥ ಒಂದಾದರೂ ಸಿಗುತ್ತದೆ.

ಬಾಲ ಅಂದರೆ ಕೊಬ್ಬಿನ ಗಂಟು. ಅದು ಹೋದರೆ ಹಲ್ಲಿಗೆ ದೊಡ್ಡ ನಷ್ಟ. ಹಾಗಾಗಿ ಮಕ್ಕಳು ಆಟಕ್ಕೆ ಬಾಲ ಬೀಳಿಸುವುದನ್ನು ದಯವಿಟ್ಟು ತಡೆಯಿರಿ. ಓತಿಕ್ಯಾತನಿಗಂತೂ ಈ ವರ ಇಲ್ಲ. ಅದರ ಬಾಲ ತುಂಡಾದರೆ ತುಂಡೇ.

ಹಲ್ಲಿ ಲೊಚಗುಟ್ಟಿದರೆ ಶಕುನನಾ?

ನಮ್ಮಜ್ಜಿ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದಳು. ಆ ದನಿ ಕೇಳಿದರೆ ನನಗೆ ಈಗಲೂ ಅಜ್ಜಿಯ ನೆನಪು. ಹಲ್ಲಿ ಹೇಳುತ್ತಿರುವುದು ಬೇರೆ ಹಲ್ಲಿಗೆ: ಇದು ನನ್ನ ಜಾಗ, ನಾನಿಲ್ಲಿದ್ದೇನೆ.

ಕಂಚಿಯ ಬಂಗಾರದ ಹಲ್ಲಿಯಂಥ ಹಲ್ಲಿ ನಿಜವಾಗಿಯೂ ಇದೆಯಾ?

ಕಂಚಿ ವರದರಾಜ ದೇವಸ್ಥಾನದಲ್ಲಿ ಭಕ್ತರು ಮುಟ್ಟಿ ಬರುವುದು ಲೋಹದ ಹಲ್ಲಿಗಳನ್ನು. ಆದರೆ ಜೀವಂತ ಬಂಗಾರದ ಹಲ್ಲಿ ತಿರುಮಲ ಬೆಟ್ಟದಲ್ಲಿದೆ. ಶೇಷಾಚಲದ ಬಂಡೆ ಸಂದುಗಳಲ್ಲಿ, ನೀರಿನ ಜಾಗದ ಹತ್ತಿರ ಇರುತ್ತದೆ. ಗಂಡಿನ ಮೈ ಅರಿಶಿನದ ಹಾಗೆ ಹಳದಿ. ಹೆಣ್ಣುಗಳು ಬಂಡೆಯ ಒಂದೇ ಜಾಗದಲ್ಲಿ ಗುಂಪಾಗಿ ಮೊಟ್ಟೆ ಅಂಟಿಸುತ್ತವೆ. ತಿರುಪತಿಗೆ ಹೋಗುವ ಲಕ್ಷಾಂತರ ಕನ್ನಡಿಗರು ಇದರ ಪಕ್ಕದಲ್ಲೇ ಹಾದು ಹೋಗುತ್ತಾರೆ.

ಓತಿಕ್ಯಾತ ದೂರದಿಂದಲೇ ರಕ್ತ ಹೀರುತ್ತದೆ ಅಂತಾರಲ್ಲ?

ಹೀರುವುದಿಲ್ಲ. ಬೇಸಿಗೆ ಕಳೆದು ಮಳೆ ಬರುವ ಹೊತ್ತಿಗೆ ಗಂಡಿನ ತಲೆ, ಕುತ್ತಿಗೆ, ಹೆಗಲು ಕೆಂಪಾಗುತ್ತವೆ. ಅದು ಹೆಣ್ಣಿಗೆ ತೋರಿಸಲು, ಬೇರೆ ಗಂಡನ್ನು ಹೆದರಿಸಲು. ಅದು ನಮ್ಮ ರಕ್ತ ಕುಡಿದು ಕೆಂಪಾಯಿತು ಅಂತ ಯಾರೋ ಕಥೆ ಕಟ್ಟಿದರು, ಮಕ್ಕಳು ಕಲ್ಲು ಎತ್ತಿಕೊಂಡರು.

ನಾನೂ ಅಂಥ ಮಕ್ಕಳಲ್ಲಿ ಒಬ್ಬ. ಹುಲ್ಲಿನ ಕಡ್ಡಿಗೆ ಕುಣಿಕೆ ಕಟ್ಟಿ ಅದರ ಕುತ್ತಿಗೆಗೆ ಹಾಕಿ ಎಳೆಯುತ್ತಿದ್ದೆವು. ದೊಡ್ಡ ಹುಡುಗರು ಅದರ ಬಾಯಿಗೆ ಬೀಡಿ ಇಟ್ಟು ನಗುತ್ತಿದ್ದರು. ಒಂದು ಸಲ ಕುಣಿಕೆಗೆ ಸಿಕ್ಕಿದ್ದು ಹೆಣ್ಣು. ಹೊಟ್ಟೆ ಉಬ್ಬಿತ್ತು, ಚರ್ಮದಡಿ ಮೊಟ್ಟೆಗಳ ಸಾಲು ಗುಬುಟು ಗುಬುಟಾಗಿ ಕಾಣುತ್ತಿತ್ತು. ಮುಂಗಾಲಿನ ಉಗುರುಗಳ ತುಂಬಾ ಕೆಮ್ಮಣ್ಣು. ಗುಂಡಿ ತೋಡುತ್ತಿದ್ದುದನ್ನು ನಾವು ಎಳೆದು ತಂದಿದ್ದೆವು. ಅದು ನನ್ನ ಬೆರಳು ಕಚ್ಚಿ ಹಿಡಿದಿತ್ತು, ಆದರೆ ನೋಯಲಿಲ್ಲ. ಅದಕ್ಕೆ ಅಷ್ಟೇ ಶಕ್ತಿ ಇದ್ದದ್ದು. ಅವತ್ತಿನಿಂದ ನಾನು ಕುಣಿಕೆ ಮುಟ್ಟಲಿಲ್ಲ.

ಓತಿಕ್ಯಾತನಿಗೆ ಬೇಲಿ ಸಾಕ್ಷಿ ಅಂತ ಗಾದೆ ಇದೆ. ಈಗ ಎಲ್ಲ ಕಡೆ ಬೇಲಿ ಹೋಗಿ ಕಾಂಪೌಂಡ್ ಗೋಡೆ ಬರುತ್ತಿದೆ. ಲಂಟಾನವೋ ಕಳ್ಳಿಯೋ, ಹಿತ್ತಲಲ್ಲಿ ಒಂದು ಸಾಲು ಹಸಿರು ಬೇಲಿ ಉಳಿಸಿದರೂ ಸಾಕು, ಅದು ಬಂದು ಕೂರುತ್ತದೆ. ಹುಳ ತಿನ್ನುತ್ತದೆ.

ಗೋಸುಂಬೆ ಕೂತ ಜಾಗದ ಬಣ್ಣಕ್ಕೆ ತಿರುಗುವುದು ನಿಜನಾ?

ಅರ್ಧ ನಿಜ. ಎಲೆ ನಡುವೆ ಹಸಿರಾಗಿರುತ್ತದೆ, ಹಾಗಾಗಿ ಕಾಣುವುದಿಲ್ಲ. ಆದರೆ ಕೆಂಪು ಬಟ್ಟೆ ಮೇಲೆ ಕೂರಿಸಿದರೆ ಕೆಂಪಾಗುವುದಿಲ್ಲ. ಬಣ್ಣ ಬದಲಾಗುವುದು ಬಿಸಿಲು, ಸಿಟ್ಟು, ಹೆದರಿಕೆ, ಬೆದೆ ಇವುಗಳಿಂದ. ಚರ್ಮದ ಜೀವಕೋಶಗಳೊಳಗೆ ಅತಿ ಸಣ್ಣ ಹರಳುಗಳ ಸಾಲಿದೆ. ಅವು ಹತ್ತಿರವಾದರೆ ಒಂದು ಬಣ್ಣದ ಬೆಳಕು ಹಿಂದಿರುಗುತ್ತದೆ, ದೂರವಾದರೆ ಇನ್ನೊಂದು. ಮಡಗಾಸ್ಕರ್‌ನ ಒಂದು ಗೋಸುಂಬೆಯಲ್ಲಿ ಇದನ್ನು 2015ರಲ್ಲಿ ಕಂಡುಕೊಂಡರು.

ಇಡೀ ಭಾರತಕ್ಕೆ ಇರುವುದು ಒಂದೇ ಜಾತಿಯ ಗೋಸುಂಬೆ. ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಸಿಗುತ್ತದೆ. ನಾಲಿಗೆ ಮೈಗಿಂತ ಉದ್ದ. ಮರ ಬಿಟ್ಟು ಇಳಿಯುವುದು ಕಡಿಮೆ. ಹೆಣ್ಣು ಮೊಟ್ಟೆ ಇಡಲು ನೆಲಕ್ಕೆ ಬರಬೇಕು, ಗುಂಡಿ ತೋಡಬೇಕು. ಆಗ ರಸ್ತೆ ದಾಟುತ್ತದೆ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಗಾಳಿಗೆ ತೂಗುವ ಎಲೆಯ ಹಾಗೆ. ಮರದಲ್ಲಿ ಅದನ್ನು ಕಾಪಾಡಿದ ನಡಿಗೆಯೇ ಡಾಂಬರಿನ ಮೇಲೆ ಅದನ್ನು ಕೊಲ್ಲುತ್ತದೆ. ಬೈಕ್ ನಿಲ್ಲಿಸಿ. ಒಂದು ಕಡ್ಡಿ ಅಡ್ಡ ಹಿಡಿಯಿರಿ, ಅದು ಹತ್ತಿಕೊಳ್ಳುತ್ತದೆ. ಅದು ಹೊರಟಿದ್ದ ಕಡೆಗೇ ಬಿಡಿ.

ಹಾರುವ ಓತಿಯನ್ನು ಕಥೆಯಲ್ಲಿ ಓದಿದ್ದೇನೆ. ನಿಜವಾಗಿಯೂ ಇದೆಯಾ?

ಇದೆ, ಮತ್ತು ಕಾಡಿನ ಆಳಕ್ಕೆ ಹೋಗಬೇಕಾಗಿಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲೇ ಇದೆ. ದಕ್ಷಿಣ ಭಾರತದಲ್ಲಿರುವುದು ಒಂದೇ ಜಾತಿ.

ನಾನು ಮೊದಲು ನೋಡಿದ್ದು ಅಡಿಕೆ ಗೊನೆ ಕೊಯ್ಲಿನ ದಿನ. ಮರ ಹತ್ತಿ ಗೊನೆ ಇಳಿಸುತ್ತಿದ್ದ ಕೊನೆಗೌಡ "ತಮ್ಮಾ, ಆ ಮರ ನೋಡು, ಅಲ್ಲೊಂದು ಹಳದಿ ಮಿಣುಕ್ ಅಂತದೆ" ಅಂದ. ನೋಡಿದೆ, ಬರೀ ಅಡಿಕೆ ಮರದ ಬೂದು ತೊಗಟೆ, ಬಿಳಿ ಕಲ್ಲುಹೂವು. ಎಷ್ಟೋ ಹೊತ್ತಿನ ಮೇಲೆ ಆ ತೊಗಟೆಯ ಒಂದು ಚೂರು ಗಂಟಲಡಿಯಿಂದ ಹಳದಿ ಬಾವುಟದಂಥದ್ದನ್ನು ಮುಂದೆ ಚಾಚಿ ಮಡಚಿತು. ಅದು ಗಂಡು ಓತಿ. ಬಾಲ ಸೇರಿ ಒಂದು ಗೇಣು ಅಷ್ಟೇ. ಆಮೇಲೆ ಸುಮ್ಮನೆ ಮರ ಬಿಟ್ಟಿತು. ಮೊದಲು ಕೆಳಗೆ ಬಿದ್ದ ಹಾಗೆ ಕಂಡಿತು, ನಡುವೆ ಎರಡೂ ಪಕ್ಕ ಬಿಚ್ಚಿಕೊಂಡಿತು, ಮೂರು ಸಾಲು ಆಚೆಯ ಮರದ ಹತ್ತಿರ ತಲೆ ಮೇಲೆತ್ತಿ ಟಪ್ ಅಂತ ಕೂತಿತು. ಕೂತ ಕೂಡಲೇ ಮೇಲಕ್ಕೆ ಓಡಿತು. ಜಾರಿದಷ್ಟು ಎತ್ತರ ಮತ್ತೆ ಹತ್ತಬೇಕಲ್ಲ.

ಅದರ ರೆಕ್ಕೆ ಹಕ್ಕಿ ರೆಕ್ಕೆಯಲ್ಲ, ಬಾವಲಿಯ ರೆಕ್ಕೆಯೂ ಅಲ್ಲ. ಕೆಲವು ಪಕ್ಕೆಲುಬುಗಳು ಉದ್ದವಾಗಿ ಮೈಯಿಂದ ಹೊರಗೆ ಚಾಚಿವೆ. ಅವುಗಳ ಮೇಲೆ ಚರ್ಮ. ಬೇಡವಾದಾಗ ಕೊಡೆಯ ಹಾಗೆ ಮಡಚಿ ಮೈಗೆ ಒತ್ತಿಕೊಳ್ಳುತ್ತದೆ. ರೆಕ್ಕೆ ಬಡಿಯಲು ಆಗುವುದಿಲ್ಲ, ತೇಲುತ್ತದೆ ಅಷ್ಟೇ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಈ ಓತಿಯನ್ನೇ ನೋಡಿ ಹೊಸ ಸಂಗತಿ ಹೇಳಿತು. ಹಾರುವಾಗ ಅದು ಮುಂಗಾಲುಗಳಿಂದ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದೇ ತಿರುವು ತೆಗೆದುಕೊಳ್ಳುತ್ತದೆ. ಇಷ್ಟು ವರ್ಷ ನಮ್ಮ ತೋಟದಲ್ಲೇ ನಡೆಯುತ್ತಿದ್ದ ವಿಷಯ ಇದು!

ಇದರ ಊಟ ಇರುವೆ. ಇರುವೆ ಕಾಟ ಅಂತ ಮರದ ಬುಡಕ್ಕೆಲ್ಲ ವಿಷದ ಪುಡಿ ಎರಚಿದ ತೋಟದಲ್ಲಿ ಇದಕ್ಕೆ ಊಟ ಇಲ್ಲ. ಹೆಣ್ಣು ವರ್ಷವಿಡೀ ಮರದ ಮೇಲೇ ಇದ್ದು ಮೊಟ್ಟೆ ಇಡಲು ಮಾತ್ರ ಇಳಿಯುತ್ತದೆ. ಮೂತಿಯಿಂದಲೇ ಮಣ್ಣು ಗುದ್ದಿ ಗುಂಡಿ ಮಾಡಿ ಕೆಲವೇ ಮೊಟ್ಟೆ ಇಡುತ್ತದೆ.

ಉಡದ ಹಿಡಿತದ ಕಥೆ ಎಷ್ಟು ನಿಜ? ಉಡದ ಎಣ್ಣೆ ಮಂಡಿನೋವಿಗೆ ಒಳ್ಳೆಯದಾ?

ಎರಡೂ ಪ್ರಶ್ನೆ ಯಾವಾಗಲೂ ಜೊತೆಗೇ ಬರುತ್ತವೆ.

ಉಡದ ಪಟ್ಟು ಅಂತ ನಾವು ಹೇಳುವುದು ಸುಮ್ಮನೆ ಅಲ್ಲ. ಬಿಲದೊಳಗೆ ಮೈ ಉಬ್ಬಿಸಿ, ಉಗುರು ಊರಿ ನಿಂತರೆ ಎಳೆಯುವುದು ತುಂಬಾ ಕಷ್ಟ. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ ಅನ್ನುತ್ತಾರೆ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ ಪೂರ್ವಜರಿಂದ ಘೋರ್ಪಡೆ ಮನೆತನಕ್ಕೆ ಆ ಹೆಸರು ಬಂತು ಅನ್ನುವ ಐತಿಹ್ಯ ಇದೆ. ನಮ್ಮ ಬಳ್ಳಾರಿ ಕಡೆಯ ಸಂಡೂರನ್ನು ಆಳಿದವರೂ ಘೋರ್ಪಡೆಯವರೇ. ಕಥೆ ಚೆನ್ನಾಗಿದೆ. ಆದರೆ ಕೆಲವೇ ಕಿಲೋ ತೂಗುವ ಪ್ರಾಣಿ ಹಗ್ಗ ಹಿಡಿದ ಆಳಿನ ಭಾರ ತಡೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ, ಉಡದ ಕೊಬ್ಬಿನಿಂದ ಮಂಡಿನೋವು ಹೋಗುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಬಾಟಲಿಯಲ್ಲಿ ಮಾರುವವರಿಂದ ಕೊಂಡರೆ ಕೊಂಡವರೂ ತಪ್ಪಿತಸ್ಥರೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡ ಮೊದಲ ಪಟ್ಟಿಯಲ್ಲಿದೆ, ಹುಲಿಯ ಜೊತೆಗೆ. 2022ರ ತಿದ್ದುಪಡಿ ಆದ ಮೇಲೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ.

ಇನ್ನೊಂದು ಮೋಸ ಇದೆ. ಅದನ್ನು ಬಿಚ್ಚಿ ಹೇಳಲೇಬೇಕು. ಹತ್ತಾ ಜೋಡಿ ಅಂತ ಪೂಜಾ ಸಾಮಾನಿನ ಜೊತೆಗೆ, ಆನ್‌ಲೈನ್‌ನಲ್ಲಿ ಮಾರುತ್ತಾರೆ. ಕೈ ಮುಗಿದ ಹಾಗೆ ಕಾಣುವ ಅಪರೂಪದ ಬೇರು, ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಅನ್ನುತ್ತಾರೆ. ಅದು ಬೇರಲ್ಲ. ಗಂಡು ಉಡವನ್ನು ಕೊಂದು ಕತ್ತರಿಸಿ ಒಣಗಿಸಿದ ಜನನಾಂಗ. ಭಕ್ತಿಯಿಂದ ಕುಂಕುಮ ಹಚ್ಚಿ ದೇವರ ಮನೆಯಲ್ಲಿ ಇಟ್ಟುಕೊಂಡವರಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಅವರೇ ಮೊದಲು ವಿರೋಧಿಸುತ್ತಾರೆ ಅನ್ನುವುದು ನನ್ನ ನಂಬಿಕೆ.

ಬದಲಾಗಲು ಸಾಧ್ಯ ಅನ್ನುವುದಕ್ಕೆ ಕರ್ನಾಟಕ ಸಂಗೀತದಲ್ಲೇ ಉದಾಹರಣೆ ಇದೆ. ಖಂಜಿರ ಎಂಬ ಸಣ್ಣ ತಾಳವಾದ್ಯಕ್ಕೆ ಹಿಂದಿನಿಂದ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ಈಗ ಆಡಿನ ಚರ್ಮವನ್ನೋ ಸಿಂಥೆಟಿಕ್ ಹಾಳೆಯನ್ನೋ ಬಿಗಿದು ನುಡಿಸುತ್ತಾರೆ. ಕಛೇರಿಯಲ್ಲಿ ತಾಳವಾದ್ಯಗಳೇ ನುಡಿಯುವ ತನಿ ಆವರ್ತನ ನಿಂತಿಲ್ಲ.

ಹೊಲಕ್ಕೆ ಉಡ ಬಂದರೆ ಒಳ್ಳೆಯದೇ. ಜೀರುಂಡೆ, ಗೊಬ್ಬರದ ಹುಳ, ಇಲಿ, ಏಡಿ, ಸತ್ತ ಪ್ರಾಣಿ ಎಲ್ಲ ತಿನ್ನುತ್ತದೆ. ಕೋಳಿ ಮೊಟ್ಟೆಯನ್ನೂ ಬಿಡುವುದಿಲ್ಲ, ನಿಜ. ಕೋಳಿಗೂಡಿನ ಬಾಗಿಲು ಭದ್ರ ಮಾಡಿಕೊಳ್ಳಿ. ಮೊಟ್ಟೆ ಇಡಲು ಕೆಲವೊಮ್ಮೆ ಹುತ್ತವನ್ನೇ ತೋಡುತ್ತದೆ. ಗೆದ್ದಲು ಆ ತೂತನ್ನು ಮುಚ್ಚಿಬಿಡುತ್ತವೆ. ತಿಂಗಳುಗಟ್ಟಲೆ ಮೊಟ್ಟೆಗಳು ಒಳಗೆ ಬೆಚ್ಚಗಿರುತ್ತವೆ. ತೋಟ ಸಮ ಮಾಡುವಾಗ ಜೆಸಿಬಿಗೆ ಹುತ್ತ ತೋರಿಸುವ ಮುಂಚೆ ಇದೊಂದು ನೆನಪಿರಲಿ.

ಬೆಂಗಳೂರಿನಂಥ ಊರಲ್ಲಿ ನೋಡುವಂಥದ್ದು ಏನಾದರೂ ಉಳಿದಿದೆಯಾ?

ಬಂಡೆ ಓತಿ ಇದೆ. ಖಾಲಿ ಸೈಟಿನ ಕಲ್ಲುಗುಂಡು, ಕಲ್ಲಿನ ಗೋಡೆ, ಊರಂಚಿನ ಬಂಡೆ, ಎಲ್ಲಿ ಬಿಸಿಲಿದೆಯೋ ಅಲ್ಲಿ. ಗಂಡು ಕೆಲವೇ ಸೆಕೆಂಡಿನಲ್ಲಿ ಬಣ್ಣ ಬದಲಿಸುತ್ತದೆ. ಹೆಣ್ಣಿನ ಮುಂದೆ ಬೆನ್ನು ಕೆಂಪು, ಪಕ್ಕ ಕಪ್ಪು. ಇನ್ನೊಂದು ಗಂಡಿನ ಜೊತೆ ಜಗಳಕ್ಕೆ ನಿಂತರೆ ಬೆನ್ನು ಹಳದಿ, ಪಕ್ಕ ಕಿತ್ತಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು ಕೂತು ಅಳೆದಿದ್ದಾರೆ. ಊರಂಚಿನ ಓತಿಗಳು ಹಳ್ಳಿ ಕಡೆಯ ಓತಿಗಳಿಗಿಂತ ಬೇಗ ಸುರಕ್ಷಿತ ಜಾಗ ಯಾವುದು ಅಂತ ಕಲಿಯುತ್ತವೆ ಅಂತಲೂ 2019ರಲ್ಲಿ ತೋರಿಸಿದರು.

ಅದೇ ಸಂಸ್ಥೆಯವರ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ಮಹಾರಾಷ್ಟ್ರದ ಸಾತಾರಾ ಹತ್ತಿರ ಚಾಳಕೇವಾಡಿ ಎಂಬ ಬಯಲಿದೆ, ತುಂಬಾ ಗಾಳಿಯಂತ್ರಗಳು. ಅಲ್ಲಿ ಗಂಟಲಡಿ ನೀಲಿ, ಕಪ್ಪು, ಕಿತ್ತಳೆ ಬೀಸಣಿಗೆ ಬಿಚ್ಚುವ ಓತಿಗಳಿವೆ. ಗಾಳಿಯಂತ್ರ ಇರುವ ಕಡೆ ಗಿಡುಗ, ಹದ್ದು ಕಡಿಮೆ, ಓತಿಗಳು ಸುಮಾರು ಮೂರು ಪಟ್ಟು ಜಾಸ್ತಿ. ಒಳ್ಳೆಯದಾಯಿತಲ್ಲ ಅನ್ನಿಸುತ್ತದೆ. ಆದರೆ ಊಟಕ್ಕೆ ಪೈಪೋಟಿ ಜಾಸ್ತಿಯಾಗಿ ಅವು ಬಡಕಲಾಗಿದ್ದವು, ಹೆದರುವುದನ್ನೂ ಬಿಟ್ಟಿದ್ದವು. 2018ರಲ್ಲಿ ಬಂದ ಅಧ್ಯಯನ ಇದು. ಒಂದು ಹದ್ದು ಹೋದರೆ ಕೆಳಗೆ ಹುಲ್ಲಿನಲ್ಲಿ ಏನೇನು ಬದಲಾಗುತ್ತದೆ ನೋಡಿ.

ಇನ್ನೂ ಹೊಸ ಪ್ರಾಣಿಗಳು ಸಿಗುತ್ತಿವೆಯಾ?

ಸಿಗುತ್ತಿವೆ, ಅದೂ ಕನ್ನಡದ ಹೆಸರಿನಲ್ಲಿ! ಕೋಲಾರದ ಬಂಡೆಗಳಲ್ಲಿ ಹಗಲು ಓಡಾಡುವ ಪುಟ್ಟ ಹಲ್ಲಿಗೆ 2020ರಲ್ಲಿ 'ಬಂಗಾರ' ಅಂತಲೇ ವೈಜ್ಞಾನಿಕ ಹೆಸರಿಟ್ಟರು. ಚಿನ್ನದ ಗಣಿಯ ಸೀಮೆಯದಲ್ವಾ. 2014ರಲ್ಲಿ ನಮ್ಮ ಘಟ್ಟದ ಹಳ್ಳಗಳಲ್ಲಿ ಸಿಕ್ಕ ಕಪ್ಪೆಯ ಹೆಸರು 'ಕುಂಬಾರ'. ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಹಳ್ಳದ ಕೆಸರನ್ನು ಕೈಯಲ್ಲಿ ಬಾಚಿ ಒಂದೊಂದಾಗಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆಗೆ ಮಣ್ಣು ಮೆತ್ತುವ ಹಾಗೇ. ಎಲ್ಲ ಕಾಳಿಂಗವೂ ಒಂದೇ ಜಾತಿ ಅಂದುಕೊಂಡಿದ್ದೆವು. 2024ರಲ್ಲಿ ಅದನ್ನು ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ 'ಕಾಳಿಂಗ' ಅನ್ನುವ ಹೆಸರೇ ಸಿಕ್ಕಿತು.

ಡೈನೋಸಾರ್ ಅಂದರೆ ದೊಡ್ಡ ಹಲ್ಲಿನಾ? ಕರ್ನಾಟಕದಲ್ಲಿ ಇದ್ದವಾ?

1842ರಲ್ಲಿ ರಿಚರ್ಡ್ ಓವನ್ ಆ ಹೆಸರಿಟ್ಟಾಗ 'ಭಯಂಕರ ಹಲ್ಲಿ' ಅನ್ನುವ ಅರ್ಥದಲ್ಲೇ ಇಟ್ಟರು. ಆದರೆ ಅವು ಹಲ್ಲಿಗಳಲ್ಲ. ಅವುಗಳಲ್ಲಿ ಒಂದು ಕವಲು ಇವತ್ತಿಗೂ ಬದುಕಿದೆ. ಅದೇ ಹಕ್ಕಿಗಳು.

ನಮ್ಮ ರಾಜ್ಯದ ಕಲ್ಲುಗಳು ಡೈನೋಸಾರ್ ಮೂಳೆ ಹುಡುಕಲು ತಕ್ಕವಲ್ಲ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಗ ಪ್ರಾಣಿಗಳೇ ಇರಲಿಲ್ಲ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ. ಬೇರೆ ರಾಜ್ಯಗಳಲ್ಲಿ ಡೈನೋಸಾರ್ ಮೂಳೆಗಳು ಸಿಕ್ಕಿವೆ. ಪ್ರಾಣಹಿತಾ-ಗೋದಾವರಿ ಕಣಿವೆಯ ಬಾರಾಪಾಸಾರಸ್ ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ನಿಂತಿದೆ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ಹೊತ್ತಿಗೆ ಸಿಕ್ಕಿದ್ದಕ್ಕೆ ಅವರ ಹೆಸರನ್ನೂ ಸೇರಿಸಿದರು. ಗುಜರಾತಿನ ರಾಜಾಸಾರಸ್‌ಗೆ ಹೆಸರಿಟ್ಟದ್ದು 2003ರಲ್ಲಿ. ಡೈನೋಸಾರ್ ಅಲ್ಲದಿದ್ದರೂ ಹೇಳಲೇಬೇಕಾದದ್ದು ಇನ್ನೊಂದಿದೆ: ಕಚ್ಛದ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ ವಾಸುಕಿ ಹಾವಿನ ಬೆನ್ನುಮೂಳೆಗಳು 4.7 ಕೋಟಿ ವರ್ಷ ಹಳೆಯವು. ಉದ್ದ 11ರಿಂದ 15 ಮೀಟರ್ ಇತ್ತು ಅಂತ 2024ರಲ್ಲಿ ಅಂದಾಜು ಮಾಡಿದರು.

ನಮ್ಮ ನಾಡಿನಲ್ಲಿ ಇದ್ದು ಈಗ ಇಲ್ಲದ ದೊಡ್ಡ ಪ್ರಾಣಿ ಯಾವುದು?

ಘೇಂಡಾಮೃಗ. ಗೋಕಾಕದ ಹತ್ತಿರ ಅದರ ಮೂಳೆಗಳು ಮಣ್ಣಿನಡಿ ಸಿಕ್ಕಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಅದರ ವಿವರ ಬರೆದು, ದಖ್ಖನ್ನಿನ ಹೆಸರನ್ನೇ ಅದಕ್ಕೆ ಕೊಟ್ಟರು. ಭಾರತದಲ್ಲಿ ಉಷ್ಟ್ರಪಕ್ಷಿಗಳೂ ಇದ್ದವು. ಅವುಗಳ ಮೊಟ್ಟೆಯ ಚಿಪ್ಪು ಮಹಾರಾಷ್ಟ್ರದ ಪಾಟಣೆಯಂಥ ಕಡೆ ಸಿಕ್ಕಿದೆ, ಮನುಷ್ಯರು ಗೀರಿ ಚಿತ್ರ ಮಾಡಿದ್ದೂ ಸೇರಿ.

ಇವು ತುಂಬಾ ಹಳೆಯ ಮಾತು. ನನಗೆ ಜಾಸ್ತಿ ಸಂಕಟ ಆಗುವುದು ಸಿವಂಗಿಯ ವಿಷಯದಲ್ಲಿ. ಹಳೆಯ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಚೀತಾಗೆ ಕನ್ನಡದಲ್ಲಿ ಸಿವಂಗಿ ಅಂತ ಕೊಟ್ಟಿದ್ದಾರೆ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಬೇಟೆಗೆಂದು ಚೀತಾಗಳನ್ನು ಸಾಕಿದ್ದ. ಹಿಡಿದು ಸಾಕಿದರೆ ಅವು ಮರಿ ಹಾಕುವುದು ತೀರಾ ಕಡಿಮೆ. ಹಾಗಾಗಿ ರಾಜರೆಲ್ಲ ಕಾಡಿನಿಂದಲೇ ಮತ್ತೆ ಮತ್ತೆ ಹಿಡಿಸುತ್ತಿದ್ದರು. ಬಯಲೂ ಹೋಯಿತು, ಜಿಂಕೆಯೂ ಹೋಯಿತು. 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ಮಹಾರಾಜ ಹೊಡೆದ ಮೂರು ಗಂಡು ಚೀತಾಗಳೇ ಕೊನೆಯವು ಅಂತ ಹೇಳುತ್ತಾರೆ. 1952ರಲ್ಲಿ ಭಾರತದಲ್ಲಿ ಚೀತಾ ಇಲ್ಲ ಅಂತ ಘೋಷಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8 ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತಂದರು, ಮುಂದಿನ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12. ಅವು ಆಫ್ರಿಕಾದ ಚೀತಾಗಳು. ನಮ್ಮ ಸಿವಂಗಿಯ ಏಷ್ಯಾ ಬಳಗ ಈಗ ಇರಾನಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಮಕ್ಕಳಿಗೆ ಸಿವಂಗಿ ಅಂದರೆ ಯಾರದೋ ಅಡ್ಡಹೆಸರು ಅನ್ನಿಸುತ್ತದೆ.

ಈಗ ಹೋಗುವ ಹಾದಿಯಲ್ಲಿ ಇರುವುದು ಯಾವುದು?

ಎರೆಭೂತ. ಎರೆ ಹೊಲಗಳಲ್ಲಿ ಓಡಾಡುವ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ, ಹೆಬ್ಬಕ ಅಂತಲೂ ಕರೆಯುತ್ತಾರೆ. ಗಂಡು 15 ಕಿಲೋದವರೆಗೂ ತೂಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಕೆಲವೇ ಕೆಲವು ಉಳಿದವು. ಮುಂದೆ ನೇರ ನೋಡಲಾಗದ ಕಣ್ಣು, ಭಾರದ ಮೈ. ವಿದ್ಯುತ್ ತಂತಿ ಎದುರಾದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹುಲ್ಲುಗಾವಲನ್ನು 'ಬೀಳು ಭೂಮಿ' ಅಂತ ಕಾಗದದಲ್ಲಿ ಬರೆದ ದಿನವೇ ಈ ಹಕ್ಕಿಯ ಕಷ್ಟ ಶುರುವಾಯಿತು ಅಂತ ನನಗೆ ಅನ್ನಿಸುತ್ತದೆ.

ಮನೆಯೊಳಗೆ ಉಡ ಬಂದರೆ ಏನು ಮಾಡಬೇಕು?

ಮಕ್ಕಳನ್ನು, ನಾಯಿಯನ್ನು ದೂರ ಕಳಿಸಿ. ಹೊರಗಿನ ಬಾಗಿಲು ತೆಗೆದಿಟ್ಟು ಎಲ್ಲರೂ ಸುಮ್ಮನಿರಿ. ಹೆಚ್ಚಿನ ಸಲ ತಾನೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಕಡ್ಡಿಯಲ್ಲಿ ತಿವಿಯಬೇಡಿ, ಗೋಣಿಚೀಲ ಹಾಕಿ ಹಿಡಿಯಲು ಹೋಗಬೇಡಿ.

ಮಕ್ಕಳಿಗೆ ತೋರಿಸಬೇಕು. ಯಾವಾಗ, ಎಲ್ಲಿ ನೋಡಬಹುದು?

ಹಲ್ಲಿಗೆ ಜಗುಲಿಯ ದೀಪ ಸಾಕು. ಎಂಟು ಗಂಟೆ ಮೇಲೆ ಒಂದರ್ಧ ಗಂಟೆ ಕೂತರೆ ಯಾವುದು ಯಾರ ಜಾಗ ಅಂತ ಗೊತ್ತಾಗುತ್ತದೆ. ಬಂಡೆ ಓತಿಗೆ ಬೇಸಿಗೆಯಿಂದ ಮಳೆಗಾಲದ ಶುರುವಿನವರೆಗೆ, ಬೆಳಿಗ್ಗೆ ಹತ್ತರ ಬಿಸಿಲು. ರಾಮನಗರದ ಕಡೆಯ ಬಂಡೆಗಳಲ್ಲಿ ಹುಡುಕಿ, ನೆತ್ತಿಯ ಮೇಲೆ ಕೂತಿರುವುದೇ ಗಂಡು. ಹಾರುವ ಓತಿ ಬೇಕಿದ್ದರೆ ಘಟ್ಟದ ಕಡೆಯ ನೆಂಟರ ಅಡಿಕೆ ತೋಟಕ್ಕೆ ಹೋಗಿ. ಬಿಸಿಲು ಕಾಂಡಕ್ಕೆ ಬೀಳುವ ಹೊತ್ತು ಒಳ್ಳೆಯದು. ಓತಿಯನ್ನು ಹುಡುಕಬೇಡಿ, ಸಿಗುವುದಿಲ್ಲ. ಒಂದು ಕಡೆ ಕೂತು ಮರಗಳ ಸಾಲನ್ನು ಸುಮ್ನೆ ನೋಡುತ್ತಿರಿ. ಎಲ್ಲೋ ಒಂದು ಕಡೆ ಹಳದಿ ಮಿಣುಕುತ್ತದೆ.